ಹಸಿರು ಶಾಲಿನ ಎಂಎಲ್‌ಎ: ಕೆ.ಎಸ್. ಪುಟ್ಟಣ್ಣಯ್ಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ ಕಡೆ ರಾಜಕೀಯದ ಮಾತು ಶುರುವಾದರೆ ಪುಟ್ಟಣ್ಣಯ್ಯನವರ ಹೆಸರು ಬಂದೇ ಬರುತ್ತದೆ. ಹೊಗಳುವವರು ಜಾಸ್ತಿ, ಬೈಯುವವರೂ ಇದ್ದಾರೆ. ಆದರೆ ಹೊಸ ಹುಡುಗರಿಗೆ ಅವರು ಬರೀ ಫ್ಲೆಕ್ಸ್‌ನಲ್ಲಿ ಕಾಣುವ ಮುಖ. ಬೀದಿಯಲ್ಲಿ ಕೂತವರು ವಿಧಾನಸಭೆಯಲ್ಲಿ ಹೋಗಿ ಕೂತಿದ್ದು ಹೇಗೆ, ಕೂತು ಏನಾಯ್ತು ಅಂತ ಕೇಳುವವರಿಗಾಗಿ ಇಲ್ಲಿ ಬರೆದಿದ್ದೇನೆ.

ಪುಟ್ಟಣ್ಣಯ್ಯ ಯಾರು? ಚಿಕ್ಕದಾಗಿ ಹೇಳಿ.

ಪಾಂಡವಪುರ ತಾಲ್ಲೂಕು ಕ್ಯಾತನಹಳ್ಳಿಯವರು. 1949ರಲ್ಲಿ ಹುಟ್ಟಿದ್ದು. ಕರ್ನಾಟಕ ರಾಜ್ಯ ರೈತ ಸಂಘದ ನಾಯಕ, ಮುಂದೆ ರಾಜ್ಯಾಧ್ಯಕ್ಷ. ಎರಡು ಸಲ ಎಂಎಲ್‌ಎ: 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಮೇಲುಕೋಟೆಯಲ್ಲಿ. 2018ರ ಫೆಬ್ರವರಿ 18ರಂದು ಮಂಡ್ಯದಲ್ಲಿ ತೀರಿಕೊಂಡರು. ಎರಡು ಗೆಲುವಿನ ಮಧ್ಯೆ 19 ವರ್ಷ ಇದೆ, ಅದನ್ನು ನೆನಪಿಟ್ಟುಕೊಳ್ಳಿ. ಅವರ ಕಥೆಯ ಮುಕ್ಕಾಲು ಭಾಗ ಆ 19 ವರ್ಷದಲ್ಲೇ ಇದೆ.

ಎಂಎಲ್‌ಎ ಆಗೋ ಮೊದಲು ಏನು ಮಾಡುತ್ತಿದ್ದರು? ಈ ರೈತ ಸಂಘ ಅಂದ್ರೆ ಏನು?

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಎದ್ದರು. ಕಾಲುವೆಯಲ್ಲಿ ನೀರು ಸರಿಯಾಗಿ ಬರದಿದ್ದರೂ ಅಭಿವೃದ್ಧಿ ಕರ ಕಟ್ಟಿ ಅಂತ ಸರ್ಕಾರ ಕೂತಿತ್ತು. ಗೋಲಿಬಾರ್ ಆಯಿತು, ರೈತರು ಸತ್ತರು. ಆಗ ಗುಂಡೂರಾವ್ ಸರ್ಕಾರ. ಅದೇ ವರ್ಷ ಶಿವಮೊಗ್ಗ ಕಡೆಯಿಂದ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಇವರೆಲ್ಲ ಮುಂದೆ ನಿಂತವರು. ನಂಜುಂಡಸ್ವಾಮಿ ಕಾನೂನು ಓದಿದವರು, ಲೋಹಿಯಾವಾದಿ, ಮೈಸೂರು ಸೀಮೆಯವರು.

ಸಂಘ ನಮ್ಮ ಕಡೆ ಬಂದಾಗ ಊರೂರಿಗೂ ಹಬ್ಬಿತು. ಕಾರಣ ಸುಲಭ. ಇಲ್ಲಿ ಕೆಆರ್‌ಎಸ್ ನೀರಿದೆ, ವಿ.ಸಿ. ನಾಲೆ ಇದೆ, ಕಬ್ಬಿದೆ, ಭತ್ತವಿದೆ. ಅಂದ್ರೆ ಬೆಳೆಯುವವನು ವರ್ಷವಿಡೀ ಯಾರಾದರೊಬ್ಬ ಸರ್ಕಾರಿ ಮನುಷ್ಯನ ಮುಂದೆ ನಿಂತಿರಲೇಬೇಕು. ನೀರಿಗೆ ನೀರಾವರಿ ಇಲಾಖೆ, ಸಾಲಕ್ಕೆ ಸೊಸೈಟಿ, ಕಬ್ಬಿಗೆ ಕಾರ್ಖಾನೆ, ಕರೆಂಟಿಗೆ ಆಗಿನ ಕೆಇಬಿ.

ಸಂಘ ಮಾಡಿದ್ದು ಏನು ಅಂದ್ರೆ, ಆ ನಿಲ್ಲುವ ಭಂಗಿಯನ್ನೇ ಬದಲಾಯಿಸಿತು. ಸಾಲ ಕಟ್ಟಿಲ್ಲ ಅಂತ ಅಧಿಕಾರಿಗಳು ಮನೆಗೆ ಬಂದು ಪಾತ್ರೆ, ಪಂಪ್‌ಸೆಟ್, ಬಾಗಿಲು ಕೂಡ ಜಪ್ತಿ ಮಾಡಿಕೊಂಡು ಹೋಗುತ್ತಿದ್ದ ಕಾಲ ಅದು. ಸಂಘದವರು ಹಿಂಡು ಕಟ್ಟಿಕೊಂಡು ಹೋಗಿ ಜಪ್ತಿಯಾದ ಸಾಮಾನನ್ನು ವಾಪಸ್ ತರುತ್ತಿದ್ದರು. ಮರುಜಪ್ತಿ ಅಂತ ಹೆಸರು. ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದು ಅಂತ ಊರ ಬಾಗಿಲಲ್ಲಿ ಬೋರ್ಡು ಹಾಕುತ್ತಿದ್ದರು. ನಮಗೆ ಸರಿಯಾದ ಬೆಲೆ ಕೊಟ್ಟಿದ್ದರೆ ಸಾಲವೇ ಇರುತ್ತಿರಲಿಲ್ಲ, ಹಾಗಾಗಿ ಬಾಕಿದಾರ ನಾನಲ್ಲ, ಸರ್ಕಾರ, ಇದು ಅವರ ವಾದ. ತಹಶೀಲ್ದಾರರ ಮುಂದೆ ಟವೆಲ್ ಕಂಕುಳಲ್ಲಿ ಇಟ್ಟುಕೊಂಡು ನಿಲ್ಲುತ್ತಿದ್ದವನು ಹಸಿರು ಶಾಲು ಹೆಗಲಿಗೆ ಹಾಕಿ ಕುರ್ಚಿ ಎಳೆದು ಕೂತ ಅಲ್ವಾ, ಅದೇ ದೊಡ್ಡ ಬದಲಾವಣೆ.

ಪುಟ್ಟಣ್ಣಯ್ಯ ಬೆಳೆದದ್ದು ಇದರಲ್ಲಿ. ಊರೂರು ತಿರುಗಿ ಶಾಖೆ ಕಟ್ಟುವುದು, ರಾತ್ರಿ ಜಗಲಿ ಮೇಲೆ ಸಭೆ, ಬೆಳಿಗ್ಗೆ ಧರಣಿ. ಅದರ ಜೊತೆಗೆ ಪುರೋಹಿತರಿಲ್ಲದ ಸರಳ ಮದುವೆಗಳನ್ನೂ ಸಂಘ ಮಾಡಿಸುತ್ತಿತ್ತು, ಕುವೆಂಪು ಅವರ ಮಂತ್ರ ಮಾಂಗಲ್ಯದ ದಾರಿಯಲ್ಲಿ. ಮದುವೆ ಸಾಲವೂ ಸಾಲವೇ ತಾನೆ.

ಅವರನ್ನು ಉಗ್ರ ಹೋರಾಟಗಾರ ಅನ್ನಬಹುದಾ? ಸಂಘ ಹಿಂಸೆ ಮಾಡಿದೆ ಅಂತಾರಲ್ಲ?

ಸಂಘ ಕಲ್ಲು ಕಟ್ಟಡಗಳ ಮೇಲೆ ಕೈ ಮಾಡಿದ್ದು ನಿಜ. 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ ಕಡತ ಸುಟ್ಟರು. 1993ರಲ್ಲಿ ಬಳ್ಳಾರಿಯಲ್ಲಿ ಅದೇ ಕಂಪನಿ ಕಟ್ಟುತ್ತಿದ್ದ ಬೀಜದ ಘಟಕ ಕೆಡವಿದರು. 1996ರಲ್ಲಿ ಬೆಂಗಳೂರಿನ ಕೆಎಫ್‌ಸಿ ಮೇಲೆ ದಾಳಿ. 1998ರಲ್ಲಿ ಮೊನ್ಸಾಂಟೊದ ಬಿಟಿ ಹತ್ತಿ ಬೆಳೆಗೆ ಬೆಂಕಿ. ಮನುಷ್ಯರ ಮೇಲೆ ಕೈ ಮಾಡಬಾರದು, ವಸ್ತು ಒಡೆದರೆ ಅದು ಹಿಂಸೆಯಲ್ಲ ಅನ್ನುವುದು ನಂಜುಂಡಸ್ವಾಮಿಯವರ ನಿಲುವು. ಗಾಂಧಿ ಹೆಸರು ಹೇಳಿಕೊಂಡೇ ಇದನ್ನು ಮಾಡುತ್ತಿದ್ದರು, ಅದಕ್ಕೆ ಗಾಂಧಿವಾದಿಗಳೇ ಮುಖ ಸಿಂಡರಿಸಿದ್ದೂ ಉಂಟು.

ಇವೆಲ್ಲ ರಾಜ್ಯ ಮಟ್ಟದ, ಜಗತ್ತಿನ ಪತ್ರಿಕೆಗಳಲ್ಲಿ ಬಂದ ಸುದ್ದಿಗಳು. ಮಂಡ್ಯದ ಹೋರಾಟದ ರುಚಿ ಬೇರೆ. ಇಲ್ಲಿ ಎತ್ತಿನ ಗಾಡಿ ತಂದು ಬೆಂಗಳೂರು-ಮೈಸೂರು ಹೆದ್ದಾರಿಗೆ ಅಡ್ಡ ನಿಲ್ಲಿಸುವುದು, ಸಂಜಯ ವೃತ್ತದಲ್ಲಿ ಒಲೆ ಹೂಡಿ ಅಡುಗೆ ಮಾಡುವುದು, ಕಾರ್ಖಾನೆ ಗೇಟಿನ ಮುಂದೆ ಕಬ್ಬಿನ ಲಾರಿ ಸಾಲು ನಿಲ್ಲಿಸುವುದು. ಪುಟ್ಟಣ್ಣಯ್ಯ ಈ ತರಹದ ಮನುಷ್ಯ. ಪ್ರೊಫೆಸರ್ ನಂಜುಂಡಸ್ವಾಮಿ ಡಂಕೆಲ್ ಪ್ರಸ್ತಾವ (ಜಾಗತಿಕ ವ್ಯಾಪಾರ ಒಪ್ಪಂದದ ಕರಡು) ಬಿಡಿಸಿ ಹೇಳುತ್ತಿದ್ದರು, ಇವರು ಅದೇ ವಿಷಯವನ್ನು ಬಿತ್ತನೆ ರಾಗಿ, ಹಟ್ಟಿಗೊಬ್ಬರದ ಲೆಕ್ಕದಲ್ಲಿ ಹೇಳಿ ಜನರನ್ನು ನಗಿಸುತ್ತಿದ್ದರು.

ಚುನಾವಣೆ ಬೇಡ ಅಂದಿದ್ದ ಸಂಘ ಚುನಾವಣೆಗೆ ಯಾಕೆ ಬಂತು?

ಬೀದಿಯಲ್ಲಿ ಗೆದ್ದದ್ದು ಕಾಗದಕ್ಕೆ ಇಳಿಯದಿದ್ದರೆ ಮುಂದಿನ ವರ್ಷ ಮತ್ತೆ ಅದೇ ಬೀದಿ. ಮಂತ್ರಿ ಬಂದು ಮನವಿ ತೆಗೆದುಕೊಂಡು ಭರವಸೆ ಕೊಟ್ಟು ಹೋಗುತ್ತಾನೆ, ಆದೇಶ ಹೊರಡುವುದಿಲ್ಲ. ಇದನ್ನು ಹತ್ತು ಸಲ ನೋಡಿದವರಿಗೆ ಒಳಗೆ ಹೋಗಬೇಕು ಅನ್ನಿಸುವುದು ಸಹಜ. 1983ರಲ್ಲಿ ಗುಂಡೂರಾವ್ ಸರ್ಕಾರ ಬಿದ್ದಾಗ ಅದರಲ್ಲಿ ರೈತರ ಸಿಟ್ಟಿನ ಪಾಲು ದೊಡ್ಡದಿತ್ತು. ಆದರೆ ಲಾಭ ಆದದ್ದು ಬೇರೆಯವರಿಗೆ.

1989ರಲ್ಲಿ ಸಂಘ ದೊಡ್ಡ ಮಟ್ಟದಲ್ಲಿ ಕಣಕ್ಕಿಳಿಯಿತು. ಗೆದ್ದದ್ದು ಬಾಬಾಗೌಡ ಪಾಟೀಲರು ಒಬ್ಬರೇ, ಆದರೆ ಎರಡು ಕ್ಷೇತ್ರದಲ್ಲಿ: ಕಿತ್ತೂರು ಮತ್ತು ಧಾರವಾಡ ಗ್ರಾಮಾಂತರ. ಒಂದನ್ನು ಬಿಟ್ಟುಕೊಟ್ಟರು, ಆ ಉಪಚುನಾವಣೆಯಲ್ಲಿ ನಂಜುಂಡಸ್ವಾಮಿ ಗೆದ್ದು ಬಂದರು. ನೋಡಿ, ಮೈಸೂರು ಸೀಮೆಯ ಮನುಷ್ಯನನ್ನು ಧಾರವಾಡದವರು ಗೆಲ್ಲಿಸಿದರು, ಸಂಘ ಅಷ್ಟು ಗಟ್ಟಿಯಾಗಿದ್ದ ಮೈಸೂರು, ಮಂಡ್ಯ ಆ ಸಲ ಒಬ್ಬರನ್ನೂ ಕೊಡಲಿಲ್ಲ.

1994ರಲ್ಲಿ ಪುಟ್ಟಣ್ಣಯ್ಯ ಗೆದ್ದದ್ದು ಹೇಗೆ?

ಅದು ದೇವೇಗೌಡರ ಜನತಾದಳದ ಗಾಳಿ ಜೋರಾಗಿ ಬೀಸಿದ ವರ್ಷ. 115 ಸೀಟು ಗೆದ್ದು ಅವರು ಮುಖ್ಯಮಂತ್ರಿಯಾದರು. ಹಳೇ ಮೈಸೂರಿನ ಒಕ್ಕಲಿಗರು ನಮ್ಮವರೊಬ್ಬರು ಸಿಎಂ ಆಗುತ್ತಾರೆ ಅಂತ ಕಟ್ಟು ನಿಟ್ಟಾಗಿ ಓಟು ಹಾಕಿದ ಚುನಾವಣೆ. ಅಂಥದ್ದರಲ್ಲಿ ಪಾಂಡವಪುರ ಹಸಿರು ಶಾಲಿಗೆ ಒಲಿಯಿತು. ರಾಜ್ಯದಲ್ಲಿ ರೈತ ಸಂಘಕ್ಕೆ ಸಿಕ್ಕ ಸೀಟು ಅದೊಂದೇ.

ನನ್ನ ಪ್ರಕಾರ ಆ ಗೆಲುವಿಗೆ ಕಾರಣ ಶಾಖೆಗಳು. ಪ್ರತಿ ಊರಲ್ಲಿ ಸಂಘದ ಹತ್ತು ಮನೆ ಇತ್ತು, ಆ ಹತ್ತು ಮನೆಯವರು ಯಾವುದಾದರೂ ಜಪ್ತಿ ತಡೆದಿದ್ದರು ಇಲ್ಲ ಜೈಲಿಗೆ ಹೋಗಿ ಬಂದಿದ್ದರು, ಹಾಗಾಗಿ ಅವರ ಮಾತಿಗೆ ಊರಲ್ಲಿ ಬೆಲೆ ಇತ್ತು.

ಅಷ್ಟು ಜನಪ್ರಿಯರಾಗಿದ್ದರೆ ಮತ್ತೆ 2013ರವರೆಗೆ ಯಾಕೆ ಗೆಲ್ಲಲಿಲ್ಲ?

ಎಲ್ಲರೂ ಕೇಳುವ ಪ್ರಶ್ನೆ ಇದು. ಮಂಡ್ಯದ ರೈತನಿಗೆ ಎರಡು ಖಾತೆ ಇದೆ. ನಾಲೆಯಲ್ಲಿ ನೀರು ನಿಂತರೆ, ಕಬ್ಬಿನ ದುಡ್ಡು ಬರದಿದ್ದರೆ, ಲೈನ್‌ಮನ್ ಟ್ರಾನ್ಸ್‌ಫಾರ್ಮರ್ ಕೊಡದಿದ್ದರೆ ಅವನು ರೈತ ಸಂಘದವನು. ಚುನಾವಣೆ ಬಂದರೆ ದಳದವನು, ಇಲ್ಲ ಕಾಂಗ್ರೆಸ್‌ನವನು. ಇದರಲ್ಲಿ ಅವನಿಗೆ ಯಾವ ಗೊಂದಲವೂ ಇಲ್ಲ. ಪುಟ್ಟಣ್ಣಯ್ಯ ಹೇಗಿದ್ದರೂ ನಮ್ಮ ಜೊತೆ ಇರುತ್ತಾರೆ, ಗೆದ್ದರೂ ಇರುತ್ತಾರೆ ಸೋತರೂ ಇರುತ್ತಾರೆ, ಆದರೆ ಊರಿಗೆ ರಸ್ತೆ ಬೇಕು, ದೇವಸ್ಥಾನಕ್ಕೆ ಗ್ರ್ಯಾಂಟ್ ಬೇಕು, ಮಗನ ಟ್ರಾನ್ಸ್‌ಫರ್ ಆಗಬೇಕು ಅಂದ್ರೆ ಅಧಿಕಾರದ ಹತ್ತಿರ ಇರುವವನೇ ಬೇಕು. ಇದು ಅವನ ಲೆಕ್ಕ. ಸ್ವಾರ್ಥ ಅಂತ ಬೈಯಬಹುದು, ಆದರೆ ಲೆಕ್ಕ ತಪ್ಪಿಲ್ಲ.

ಜಾತಿ ಕಾರಣ ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ಇಲ್ಲಿ ಅದು ಅಷ್ಟು ಸರಿಹೋಗಲ್ಲ. ಪುಟ್ಟಣ್ಣಯ್ಯನವರೂ ಒಕ್ಕಲಿಗರೇ, ಅವರ ಎದುರಾಳಿ ಸಿ.ಎಸ್. ಪುಟ್ಟರಾಜು ಅವರೂ ಒಕ್ಕಲಿಗರೇ. ವ್ಯತ್ಯಾಸ ಇದ್ದದ್ದು ಪಕ್ಷದಲ್ಲಿ. ಒಬ್ಬರ ಹಿಂದೆ ದೇವೇಗೌಡರ ಮನೆ ಇತ್ತು, ಇನ್ನೊಬ್ಬರ ಹಿಂದೆ ಸಂಘದ ಶಾಖೆಗಳು.

ಆ ಶಾಖೆಗಳೂ ಅಷ್ಟು ಹೊತ್ತಿಗೆ ಮೊದಲಿನ ಹಾಗೆ ಇರಲಿಲ್ಲ.

ನಂಜುಂಡಸ್ವಾಮಿಯವರ ಜೊತೆ ಬಿರುಕು ಬಿದ್ದದ್ದು ನಿಜವಾ?

ನಿಜ. ಸಂಘ ಒಡೆಯಿತು, ಆ ಬಣ ಈ ಬಣ ಅಂತ ಆಯಿತು, ಪುಟ್ಟಣ್ಣಯ್ಯ ಒಂದು ಬಣದ ನಾಯಕರಾದರು. 2004ರ ಫೆಬ್ರವರಿಯಲ್ಲಿ ಪ್ರೊಫೆಸರ್ ತೀರಿಕೊಂಡರು. ಆಮೇಲೂ ಬಣಗಳು ಕಮ್ಮಿಯಾಗಲಿಲ್ಲ. ಒಂದೇ ತಾಲ್ಲೂಕು ಕಚೇರಿ ಮುಂದೆ ಒಂದೇ ಬೇಡಿಕೆಗೆ ಎರಡು ಹಸಿರು ಶಾಲಿನ ಗುಂಪು ಬೇರೆ ಬೇರೆ ದಿನ ಧರಣಿ ಕೂತರೆ ಲಾಭ ಯಾರಿಗೆ ಅಂತ ಹೇಳಬೇಕಾಗಿಲ್ಲ. ಯಾರು ಸರಿ ಯಾರು ತಪ್ಪು ಅಂತ ಹಳಬರು ಇವತ್ತಿಗೂ ವಾದ ಮಾಡುತ್ತಾರೆ, ನಾನು ಅದರಲ್ಲಿ ಬೀಳಲ್ಲ.

ಸರ್ವೋದಯ ಕರ್ನಾಟಕ ಪಕ್ಷ ಯಾವುದು? ರೈತ ಸಂಘವೇ ಅಲ್ವಾ?

ಅಲ್ಲ, ಆದರೆ ನೆಂಟಸ್ತನ ಇದೆ. 2005ರಲ್ಲಿ ದಲಿತ ಚಳವಳಿ ಮತ್ತು ರೈತ ಚಳವಳಿಯ ಒಂದು ಭಾಗ ಸೇರಿ ಕಟ್ಟಿದ ಪಕ್ಷ. ಮೈಸೂರಿನ ಸಾಹಿತಿ ದೇವನೂರ ಮಹಾದೇವ ಇದರ ಮುಂಚೂಣಿಯಲ್ಲಿದ್ದರು. ಇದು ಸಣ್ಣ ವಿಷಯ ಅಲ್ಲ. ಹಳ್ಳಿಯಲ್ಲಿ ಭೂಮಿ ಇರುವವನು ಹಸಿರು ಶಾಲು, ಕೂಲಿ ಮಾಡುವವನು ನೀಲಿ ಶಾಲು. ಕೂಲಿ ಜಗಳದಲ್ಲಿ, ಕೆರೆ ನೀರಿನ ಜಗಳದಲ್ಲಿ ಇಬ್ಬರೂ ಎದುರುಬದುರು. ಅವರನ್ನು ಒಂದೇ ವೇದಿಕೆಗೆ ತರುತ್ತೇವೆ ಅಂದದ್ದೇ ದೊಡ್ಡ ಧೈರ್ಯ. ಭಾಷಣದಲ್ಲಿ ಆದಷ್ಟು ಊರಲ್ಲಿ ಆಯಿತಾ ಅಂದ್ರೆ ಇಲ್ಲ. ಆದರೂ ಮೇಲುಕೋಟೆ ಕ್ಷೇತ್ರದಲ್ಲಿ ಆ ಮೈತ್ರಿಯಿಂದ ಓಟು ಬಂದಿದೆ ಅಂತ ನಾನು ನಂಬುತ್ತೇನೆ.

2017ರಲ್ಲಿ ಈ ಪಕ್ಷ ಯೋಗೇಂದ್ರ ಯಾದವ್ ಅವರ ಸ್ವರಾಜ್ ಇಂಡಿಯಾ ಜೊತೆ ಹೋಯಿತು. 2023ಕ್ಕೆ ಮತ್ತೆ ಹಳೇ ಹೆಸರಲ್ಲೇ ಕಣದಲ್ಲಿ ಕಾಣಿಸಿತು.

ಪಾಂಡವಪುರ ಕ್ಷೇತ್ರ ಮೇಲುಕೋಟೆ ಯಾವಾಗ ಆಯ್ತು?

2008ರ ಕ್ಷೇತ್ರ ಪುನರ್‌ವಿಂಗಡಣೆಯಲ್ಲಿ. ಊರು ದೊಡ್ಡದು ಪಾಂಡವಪುರವೇ, ಹೆಸರು ಮಾತ್ರ ಚೆಲುವನಾರಾಯಣಸ್ವಾಮಿಯ ಊರಿನದು. (ಪಾಂಡವಪುರವನ್ನು ಹಳಬರು ಈಗಲೂ ಹಿರೋಡೆ ಅಂತಾರೆ, ಬ್ರಿಟಿಷರ ಕಾಗದದಲ್ಲಿ ಫ್ರೆಂಚ್ ರಾಕ್ಸ್. ಹೆಸರು ಬದಲಾಯಿಸಿಕೊಳ್ಳುವುದು ಈ ಊರಿಗೆ ಹೊಸದಲ್ಲ.)

2013ರಲ್ಲಿ ಗಾಳಿ ತಿರುಗಿದ್ದು ಯಾಕೆ?

2008ರಲ್ಲಿ ಪುಟ್ಟರಾಜು ಗೆದ್ದಿದ್ದರು. ಐದು ವರ್ಷದಲ್ಲಿ ಹಾಲಿ ಎಂಎಲ್‌ಎ ಮೇಲೆ ಸಹಜವಾಗಿ ಬರುವ ಬೇಸರ ಬಂದಿತ್ತು. ಪುಟ್ಟಣ್ಣಯ್ಯನವರಿಗೆ ವಯಸ್ಸು 60 ದಾಟಿತ್ತು, ಇದೊಂದು ಸಲ ಕೊಟ್ಟುಬಿಡೋಣ ಅನ್ನುವ ಮಾತು ಊರೂರಲ್ಲಿ ಓಡಾಡಿತು. ನಮ್ಮ ಕಡೆ ಈ ‘ಒಂದು ಸಲ’ ಅನ್ನುವುದು ದೊಡ್ಡ ಶಕ್ತಿ. 2012ರ ಕಾವೇರಿ ಗಲಾಟೆಯೂ ಆಗಷ್ಟೇ ಆಗಿತ್ತು, ಹೆದ್ದಾರಿಯಲ್ಲಿ ಯಾರು ಕೂತಿದ್ದರು ಅನ್ನುವುದು ಜನಕ್ಕೆ ನೆನಪಿತ್ತು. ಅಂತೂ ಗೆದ್ದರು. ಈ ಸಲ ಸರ್ವೋದಯ ಕರ್ನಾಟಕ ಪಕ್ಷಕ್ಕೂ ರಾಜ್ಯದಲ್ಲಿ ಒಂದೇ ಸೀಟು.

ಒಬ್ಬನೇ ಎಂಎಲ್‌ಎ ಇರುವ ಪಕ್ಷ ವಿಧಾನಸಭೆಯಲ್ಲಿ ಏನು ಮಾಡೋಕೆ ಆಗುತ್ತೆ?

ಕಾನೂನು ಮಾಡಿಸೋಕೆ ಆಗಲ್ಲ. ಸರ್ಕಾರ ಬೀಳಿಸೋಕೆ ಆಗಲ್ಲ, ಅದೂ ಕಾಂಗ್ರೆಸ್ 122 ಸೀಟು ಇಟ್ಟುಕೊಂಡು ಕೂತಿದ್ದಾಗ. ಮಾತಾಡೋಕೆ ಆಗುತ್ತೆ. ಅದೂ ಸುಲಭ ಇಲ್ಲ: ಸದನದಲ್ಲಿ ಮಾತಿನ ಸಮಯ ಹಂಚುವುದು ಪಕ್ಷದ ಬಲ ನೋಡಿ. ದೊಡ್ಡ ಪಕ್ಷದವರು ಗಂಟೆಗಟ್ಟಲೆ ಕಿರುಚಾಡಿ ಮುಗಿಸಿದ ಮೇಲೆ ಉಳಿದ ಐದು ಹತ್ತು ನಿಮಿಷ ಇವರಿಗೆ. ಆ ಐದು ಹತ್ತು ನಿಮಿಷಕ್ಕೆ ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂ ಕಿವಿ ಕೊಡುತ್ತಿದ್ದವು, ಅದು ಅವರು ಸಂಪಾದಿಸಿದ್ದು. ಅಂಕಿಅಂಶದ ಭಾಷಣ ಅಲ್ಲ. ಒಂದು ಎಕರೆ ಭತ್ತಕ್ಕೆ ಉಳುಮೆ ಎಷ್ಟು, ನಾಟಿ ಆಳು ಎಷ್ಟು, ಗೊಬ್ಬರ ಎಷ್ಟು, ಕೊನೆಗೆ ಕೈಗೆ ಬಂದದ್ದು ಎಷ್ಟು ಅಂತ ಮನೆ ಲೆಕ್ಕ. ನಗಿಸುತ್ತಲೇ ಚುಚ್ಚುವುದು.

ಇನ್ನೊಂದು ಕೆಲಸ ಹೊರಗಿನವರಿಗೆ ಕಾಣಲ್ಲ. ಎಂಎಲ್‌ಎ ಆದವರು ತಾಲ್ಲೂಕಿನ ಇಲಾಖೆಗಳ ಕೆಲಸ ವಿಚಾರಿಸುವ ಕೆಡಿಪಿ ಸಭೆಗೆ ಅಧ್ಯಕ್ಷರು, ಸರ್ಕಾರಿ ಜಮೀನು ಉಳುತ್ತಿರುವವರಿಗೆ ಅದನ್ನು ಸಕ್ರಮ ಮಾಡಿಕೊಡುವ ಬಗರ್‌ಹುಕುಂ ಸಮಿತಿಗೂ ಅವರೇ ಅಧ್ಯಕ್ಷರು. ಅಂದ್ರೆ ಇಷ್ಟು ವರ್ಷ ಗೇಟಿನ ಹೊರಗೆ ಧಿಕ್ಕಾರ ಕೂಗುತ್ತಿದ್ದವರು ಈಗ ಒಳಗೆ ಮೇಜಿನ ಆ ಕಡೆ. ಯಾರಿಗೆ ಸಾಗುವಳಿ ಚೀಟಿ, ಯಾರಿಗೆ ಇಲ್ಲ ಅಂತ ಇವರೇ ಸಹಿ ಹಾಕಬೇಕು. ಹೋರಾಟಗಾರನಿಗೆ ಇದು ಕಷ್ಟದ ಜಾಗ. ಧರಣಿಯಲ್ಲಿ ಎಲ್ಲರಿಗೂ ಕೊಡಿ ಅನ್ನಬಹುದು, ಸಮಿತಿಯಲ್ಲಿ ಕೂತರೆ ಒಬ್ಬನಿಗೆ ಇಲ್ಲ ಅನ್ನಲೇಬೇಕು. ಹತ್ತಿರದವರೇ ಮುನಿಸಿಕೊಂಡದ್ದು ಹೀಗೆ.

ಕಬ್ಬಿನ ಬಾಕಿಗೆ ಅವರಿಂದ ಏನಾದರೂ ಆಯ್ತಾ?

ಕಬ್ಬಿನ ಕಥೆ ಗೊತ್ತಿಲ್ಲದೆ ಇದಕ್ಕೆ ಉತ್ತರ ಅರ್ಥವಾಗಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ ಕಬ್ಬು ತೆಗೆದುಕೊಂಡ 14 ದಿನದೊಳಗೆ ದುಡ್ಡು ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15 ಬಡ್ಡಿ. ಬಡ್ಡಿ ಬಿಡಿ, ಅಸಲು ತಿಂಗಳುಗಟ್ಟಲೆ ಬರಲ್ಲ. ಇದಕ್ಕಿಂತ ದೊಡ್ಡ ಕಾಟ ಕಟಾವಿನ ಪರ್ಮಿಟ್. ಕಬ್ಬು ಮಾಗಿ ನಿಂತಿರುತ್ತೆ, ಕಾರ್ಖಾನೆ ಇನ್ನೂ ಒಲೆ ಹಚ್ಚಿಲ್ಲ ಅಂತಾರೆ. ದಿನ ಹೋದ ಹಾಗೆ ಕಬ್ಬು ಒಣಗಿ ತೂಕ ಇಳಿಯುತ್ತೆ, ಸೂಲಂಗಿ (ಕಬ್ಬಿನ ಹೂ) ಬರುತ್ತೆ. ಆಮೇಲೆ ರೈತ ಸಿಕ್ಕ ರೇಟಿಗೆ ಆಲೆಮನೆಗೆ ಹೊಡೆಯುತ್ತಾನೆ.

ನಮ್ಮಲ್ಲಿ 1933ರಿಂದ ಇರುವ ಮೈಷುಗರ್ ಕಾರ್ಖಾನೆ ನಿಂತು ನಿಂತು ಓಡಿದೆ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿ, 2020ರಲ್ಲಿ 40 ವರ್ಷದ ಗುತ್ತಿಗೆಗೆ ನಿರಾಣಿ ಷುಗರ್ಸ್ ಪಾಲಾಯಿತು. ಪುಟ್ಟಣ್ಣಯ್ಯ ಎಂಎಲ್‌ಎ ಆಗಿದ್ದ 2015ರಲ್ಲೇ ಮಂಡ್ಯ ಜಿಲ್ಲೆ ರೈತರ ಆತ್ಮಹತ್ಯೆಗೆ ದೇಶದಲ್ಲೆಲ್ಲ ಸುದ್ದಿಯಾಯಿತು. ರಾಹುಲ್ ಗಾಂಧಿ ಕೂಡ ಬಂದು ಹೋದರು. ಕಬ್ಬಿನ ವಿಷಯವನ್ನು ಸದನದಲ್ಲಿ ಇವರು ಬಿಡದೆ ಎತ್ತಿದರು. ಆದರೆ ಕಾರ್ಖಾನೆಗಳನ್ನು ಉಳಿಸೋಕೆ ಅವರಿಂದ ಆಗಲಿಲ್ಲ. ಅಭಿಮಾನಿಗಳು ಇದನ್ನು ಒಪ್ಪಲ್ಲ, ಆದರೆ ಒಂದು ಸೀಟಿನ ಅಳತೆ ಅಷ್ಟೇ.

ಕಾವೇರಿ ಹೋರಾಟ ಮುನ್ನಡೆಸಿದ್ದು ಇವರಾ, ಮಾದೇಗೌಡರಾ?

ಕಾವೇರಿ ಹಿತರಕ್ಷಣಾ ಸಮಿತಿ ಜಿ. ಮಾದೇಗೌಡರದ್ದು. ಪುಟ್ಟಣ್ಣಯ್ಯ ರೈತ ಸಂಘದ ಕಡೆಯಿಂದ ಬಲ ತಂದವರು. ಕಾವೇರಿ ನ್ಯಾಯಮಂಡಳಿಯ 1991ರ ಮಧ್ಯಂತರ ಆದೇಶ, 2002, ಅದೇ ಮಂಡಳಿಯ 2007ರ ಅಂತಿಮ ತೀರ್ಪು, 2012, 2016, ಪ್ರತಿ ಸಲ ಮಂಡ್ಯದ ವಿಶ್ವೇಶ್ವರಯ್ಯ ಪ್ರತಿಮೆ ಸುತ್ತಮುತ್ತ ಅದೇ ಶಾಮಿಯಾನ. 2016ರಲ್ಲಿ ಇವರು ಎಂಎಲ್‌ಎ. ಹೆಗಲ ಮೇಲೆ ಶಾಲು ಮಾತ್ರ ಹಾಗೇ ಇತ್ತು.

2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಅಂತಿಮ ತೀರ್ಪು ಕೊಟ್ಟು ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿತು. ಅದಾದ ಎರಡೇ ದಿನಕ್ಕೆ ಅವರು ಹೋದರು.

ಅವರು ತೀರಿಕೊಂಡದ್ದು ಹೇಗೆ?

ಅವರಿಗೆ ಕಬಡ್ಡಿ ಹುಚ್ಚು. ಭಾನುವಾರ ರಾತ್ರಿ ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣದಲ್ಲಿ ಪಂದ್ಯ ನೋಡುತ್ತಾ ಕೂತಿದ್ದಾಗ ಹೃದಯಾಘಾತ. ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. 68 ವರ್ಷ. ಮಕ್ಕಳು ವಿದೇಶದಿಂದ ಬರುವವರೆಗೆ ಕಾದು ಕ್ಯಾತನಹಳ್ಳಿಯಲ್ಲಿ ಅಂತ್ಯಕ್ರಿಯೆ ಮಾಡಿದರು.

ಮಗ ದರ್ಶನ್ ಬಂದದ್ದು ವಂಶ ರಾಜಕಾರಣ ಅಲ್ವಾ?

ಹೌದು, ವಂಶ ರಾಜಕಾರಣವೇ. ಅದನ್ನು ಸುಮ್ನೆ ಸುತ್ತಿ ಬಳಸಿ ಹೇಳುವುದು ಬೇಡ. ಅಮೆರಿಕದಲ್ಲಿ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದ ದರ್ಶನ್ ಪುಟ್ಟಣ್ಣಯ್ಯ ಅಪ್ಪ ಹೋದ ಮೂರು ತಿಂಗಳಿಗೆ ಕಣದಲ್ಲಿದ್ದರು. ಸಂಘದಲ್ಲಿ ಮೂವತ್ತು ವರ್ಷ ಜೈಲು ಕಂಡವರು ಇರಲಿಲ್ವಾ ಅಂತ ಕೇಳಿದವರಿದ್ದರು, ನ್ಯಾಯವಾದ ಪ್ರಶ್ನೆ.

ಆದರೆ ಮುಂದಿನದ್ದನ್ನೂ ನೋಡಿ. 2018ರಲ್ಲಿ ಕಾಂಗ್ರೆಸ್ ಅಭ್ಯರ್ಥಿ ಹಾಕದೆ ಬೆಂಬಲ ಕೊಟ್ಟಿತು, ಸಾವಿನ ಅನುಕಂಪ ಇತ್ತು, ಆದರೂ ಸೋತರು. ಆ ಸಲ ಜಿಲ್ಲೆಯ ಏಳಕ್ಕೆ ಏಳೂ ದಳಕ್ಕೆ. ಸೋತವರು ವಾಪಸ್ ವಿಮಾನ ಹತ್ತಿ ಅಲ್ಲೇ ಇದ್ದುಬಿಡುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದರು. ಹಾಗಾಗಲಿಲ್ಲ. 2023ರಲ್ಲಿ ಮತ್ತೆ ನಿಂತು, ಮತ್ತೆ ಕಾಂಗ್ರೆಸ್ ಬೆಂಬಲದಿಂದ, ಪುಟ್ಟರಾಜು ಅವರನ್ನು 10 ಸಾವಿರಕ್ಕೂ ಹೆಚ್ಚು ಓಟಿನಿಂದ ಸೋಲಿಸಿದರು.

ನನಗೆ ಕುತೂಹಲ ಇರುವುದು ಆ ಬೆಂಬಲದ ಬಗ್ಗೆ. ಅಪ್ಪ ಯಾವ ಸರ್ಕಾರವನ್ನೂ ಬೈಯಬಹುದಿತ್ತು. ಮಗನಿಗೆ ಅಷ್ಟು ಸಲೀಸಲ್ಲ. ಕೃಷಿಕರಲ್ಲದವರೂ ಜಮೀನು ಕೊಳ್ಳಲು ಬಿಟ್ಟ 2020ರ ಭೂಸುಧಾರಣೆ ತಿದ್ದುಪಡಿ ವಾಪಸ್ ತೆಗೆಯಿರಿ ಅಂತ ರೈತ ಸಂಘ ಕೇಳುತ್ತಲೇ ಇದೆ, ಕೇಳಬೇಕಾದದ್ದು ತನಗೆ ಸೀಟು ಬಿಟ್ಟುಕೊಟ್ಟ ಪಕ್ಷದ ಸರ್ಕಾರವನ್ನು. ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆ ಕೂಡ ಇದೇ ಕ್ಷೇತ್ರದ್ದು, ಕೆಆರ್‌ಎಸ್ ಅಣೆಕಟ್ಟಿಗೆ ಹತ್ತಿರದ್ದು, ಅಲ್ಲೂ ಇದೇ ಇಕ್ಕಟ್ಟು.

ಬೇರೆ ರೈತ ನಾಯಕರೂ ಹೀಗೇ ರಾಜಕೀಯಕ್ಕೆ ಹೋದರಾ?

ಹೋದರು, ಬೇರೆ ಬೇರೆ ದಾರಿಯಲ್ಲಿ. ಬಾಬಾಗೌಡ ಪಾಟೀಲರು ಬಿಜೆಪಿ ಸೇರಿ 1998ರಲ್ಲಿ ಬೆಳಗಾವಿ ಎಂಪಿ ಆದರು, ವಾಜಪೇಯಿ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿಯ ರಾಜ್ಯ ದರ್ಜೆ ಮಂತ್ರಿಯೂ ಆದರು. ನಂಜುಂಡಸ್ವಾಮಿಯವರ ಒಡನಾಟದಲ್ಲಿದ್ದ ಸಿದ್ದರಾಮಯ್ಯ 1983ರಲ್ಲಿ ಚಾಮುಂಡೇಶ್ವರಿಯಿಂದ ಗೆದ್ದು, ದಳ, ಕಾಂಗ್ರೆಸ್ ಅಂತ ಸಾಗಿ ಮುಖ್ಯಮಂತ್ರಿಯಾದರು. ಅಧಿಕಾರದ ಲೆಕ್ಕದಲ್ಲಿ ನೋಡಿದರೆ ಇವರೆಲ್ಲ ಪುಟ್ಟಣ್ಣಯ್ಯನವರಿಗಿಂತ ಎಷ್ಟೋ ಮುಂದೆ. ಪುಟ್ಟಣ್ಣಯ್ಯ ದೊಡ್ಡ ಪಕ್ಷದ ಬಾಗಿಲು ತಟ್ಟಿದ್ದರೆ ಮಂತ್ರಿಯಾಗುತ್ತಿದ್ದರು ಅನ್ನುವವರಿದ್ದಾರೆ. ಆಗುತ್ತಿದ್ದರೋ ಏನೋ. ಆದರೆ ಕಾರ್ಖಾನೆ ಗೇಟಿನ ಮುಂದೆ ಅವರ ಮಾತಿಗೆ ಆ ತೂಕ ಇರುತ್ತಿರಲಿಲ್ಲ.

ರೈತ ಸಂಘಕ್ಕೆ ಸೇರಿದರೆ ಇದೇ ಪಕ್ಷಕ್ಕೆ ಓಟು ಹಾಕಬೇಕಾ?

ಯಾರೂ ಹಾಗೆ ಹೇಳಲ್ಲ, ಹೇಳಿದರೂ ಯಾರೂ ಕೇಳಲ್ಲ. ಶಾಲು ಹಾಕಿಕೊಂಡು ಧರಣಿಗೆ ಬಂದವರಲ್ಲಿ ದಳದವರು, ಕಾಂಗ್ರೆಸ್‌ನವರು, ಈಗೀಗ ಬಿಜೆಪಿಯವರೂ ಇರುತ್ತಾರೆ. ಸಂಘಕ್ಕೆ ಸೇರಬೇಕು ಅಂದ್ರೆ ನಿಮ್ಮ ಊರಿನ ಶಾಖೆಯವರನ್ನು ಕೇಳಿ. ಯಾವ ಬಣ ಅಂತ ಮೊದಲೇ ಕೇಳಿಕೊಳ್ಳಿ.